ಹಸಿರು ಗಾಡಿ ಈ ಬದಿ, ಕೆಂಪು ಗಾಡಿ ಆ ಬದಿ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನನಗೆ ನನ್ನ ಒಡಹುಟ್ಟಿದ ತಂಗಿಯ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ನೇರ ಕಾರಣ ತಾವು. ಮನೆಯ ಜಗಳವನ್ನು ಈ ಮುದುಕಿ ಕಚೇರಿಗೆ ಯಾಕೆ ತಂದಳು ಎಂದು ಹುಬ್ಬೇರಿಸಬೇಡಿ. ಮೊದಲು ನಮ್ಮ ಮನೆಯೊಳಗೆ ಕಾಲಿಟ್ಟದ್ದು ತಮ್ಮ ಕಚೇರಿಯೇ.

ನಾವಿಬ್ಬರೂ ದರ್ಜಿಗಳು. ಕೋಟು ಹೊಲಿಯುವ ಕಸುಬೂ ಕೈಕೊಡುವ ಮಂಡಿಯೂ ಅಮ್ಮನಿಂದಲೇ ಬಂದವು. ದೊಡ್ಡ ರಸ್ತೆಯ ಈ ಬದಿ ನನ್ನ ಮನೆ, ಇಲ್ಲಿ ತಮ್ಮ ಆಡಳಿತ. ಆ ಬದಿ ತಂಗಿಯ ಮನೆ, ಅಲ್ಲಿ ಪಕ್ಕದ ನಗರಸಭೆಯ ಆಡಳಿತ. ಕಳೆದ ವರ್ಷ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಪುಟ್ಟ ಬ್ಯಾಟರಿ ಗಾಡಿ ಕೊಂಡೆವು. ಒಬ್ಬರೇ ಕೂರುವ ಸೀಟು, ಕಾಲೆತ್ತದೆ ಹತ್ತಬಹುದಾದ ತಗ್ಗು ನೆಲ, ಸೈಕಲ್ಲಿನವನು ಮನಸ್ಸು ಮಾಡಿದರೆ ಹಿಂದೆ ಹಾಕಬಹುದಾದ ವೇಗ. ಅವಳದು ಕೆಂಪು, ನನ್ನದು ಹಸಿರು. ಬಣ್ಣ ನನ್ನದೇ ಚೆಂದ, ಅವಳೂ ಒಪ್ಪುತ್ತಾಳೆ. ಅವಳ ನಗರಸಭೆ ಗಾಡಿಗೊಂದು ಫಲಕ ಕೊಟ್ಟು ಹೋಗಿ ಬಾ ಎಂದಿತು. ತಾವು ನನಗೆ ಬರೆದದ್ದು: "ಸದರಿ ವಾಹನವು ನಗರ ಸಂಚಾರದ ವೇಗಕ್ಕೆ ಅಡಚಣೆ ಉಂಟುಮಾಡುವುದರಿಂದ ರಸ್ತೆಗಿಳಿಸಲು ಅವಕಾಶವಿರುವುದಿಲ್ಲ."

ಯಾವ ವೇಗ, ಸ್ವಾಮಿ? ಬೆಳಗಿನ ಹೊತ್ತು ನನ್ನ ಕಿಟಕಿಯ ಮುಂದೆ ನಿಂತ ಕಾರುಗಳಲ್ಲಿ ಕೂತವರು ನಾನು ಕಾಲರು ಕೂರಿಸುವುದನ್ನು ಮೊದಲಿಂದ ಕೊನೆಯವರೆಗೆ ನೋಡಿ ಹೋಗುತ್ತಾರೆ. ಒಬ್ಬರಂತೂ ಗಾಜು ಇಳಿಸಿ, ಅಂಗಿ ಬಿಚ್ಚಿ ಕೊಟ್ಟು, ಕಿತ್ತುಹೋದ ಗುಂಡಿ ಹಾಕಿಸಿಕೊಂಡರು. ಅವರ ಕಾರು ಇನ್ನೂ ಅಲ್ಲೇ ಇತ್ತು. ಈ ಮಹಾಪ್ರವಾಹಕ್ಕೆ ನನ್ನ ಹಸಿರು ಗಾಡಿ ಅಡಚಣೆಯೇ? ಅರ್ಜಿ ಹಿಡಿದು ತಮ್ಮ ಕಚೇರಿಗೆ ಬಂದ ದಿನ, ಗೇಟಿನಿಂದ ಬಾಗಿಲವರೆಗೆ ಸಾಹೇಬರುಗಳನ್ನು ಕರೆದೊಯ್ಯುವ ಬಿಳಿ ಬ್ಯಾಟರಿ ಗಾಡಿಯನ್ನೂ ಕಂಡೆ. ಥೇಟ್ ನನ್ನದರ ಅಣ್ಣನ ಹಾಗಿತ್ತು. ಸ್ವಲ್ಪ ಕೂರಲೇ ಎಂದರೆ, "ಅದು ಸಿಬ್ಬಂದಿಗೆ ಮಾತ್ರ, ಅಮ್ಮ" ಎಂದರು. ಕೋಲೂರಿಕೊಂಡು ಅದರ ಹಿಂದೆ ಬಂದೆ.

ಬಾಡಿಗೆ ಗಾಡಿಯಲ್ಲಿ ಓಡಾಡಿ ಎನ್ನುತ್ತೀರಿ. ರಸ್ತೆಯಾಚೆಯ ಗಿರಾಕಿಯ ಮನೆಯಷ್ಟು ಹತ್ತಿರಕ್ಕೆ ಯಾರೂ ಬರುವುದಿಲ್ಲ. ಬಂದರೂ ಹತ್ತಲು ಮಂಡಿ ಬಗ್ಗಬೇಕು. ಅದು ಬಗ್ಗುವಂತಿದ್ದರೆ ನಡೆದೇ ಹೋಗುತ್ತಿದ್ದೆ. ಮನೆಯಲ್ಲೇ ಕೂತು ಹೊಲಿಯಿರಿ ಎನ್ನುತ್ತೀರಾ? ಅಳತೆ ತೆಗೆದು ಹೊಲಿದು ಕೊಟ್ಟುಬಿಡುವುದು ಅಮ್ಮ ಕಲಿಸಿದ ಪದ್ಧತಿಯಲ್ಲ. ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ, ಅದನ್ನು ಮೈಮೇಲೆ ತೊಡಿಸಿ ನೋಡುವುದು, ತಿದ್ದಿ ಇನ್ನೊಮ್ಮೆ ತೊಡಿಸುವುದು, ಆಮೇಲಷ್ಟೇ ಮೆಷಿನ್ನು. ಹಾಗಾಗಿ ಏಳಲಾರದ ಗಿರಾಕಿಯ ಬಳಿಗೆ ನಡೆಯಲಾರದ ದರ್ಜಿಯೇ ಹೋಗಬೇಕು.

ನನಗೆ ಕಸುಬಿನ ಮೊದಲ ದಿನಗಳಿಂದಲೂ ಒಬ್ಬ ಗಿರಾಕಿ ಇದ್ದಾರೆ. ನಿವೃತ್ತ ಹೆಡ್‌ಮಿಸ್ಟ್ರೆಸ್. ಮನೆ ತಂಗಿಯ ಬದಿಯಲ್ಲಿ. ಈಗ ಹಾಸಿಗೆ ಹಿಡಿದಿದ್ದಾರೆ. ಮೊಮ್ಮಗಳು ಪದವಿ ಪಡೆಯುವ ಸಮಾರಂಭಕ್ಕೆ ಗಾಲಿಕುರ್ಚಿಯಲ್ಲಾದರೂ ಹೋಗಬೇಕು, ಹೊಸ ಕೋಟು ತೊಟ್ಟೇ ಹೋಗಬೇಕು ಎಂದು ಹಟ. ನಾನು ಹೋಗಲಾಗದೆ ಒದ್ದಾಡುತ್ತಿರುವಾಗ ಅವರದೇ ಫೋನ್ ಬಂತು. "ನಿನ್ ತಂಗಿ ಬಂದು ಅಳತೆ ತಗೊಂಡ್ಹೋದ್ಲು ಕಣಮ್ಮ. ಎಷ್ಟ್ ಒಳ್ಳೆ ಹುಡುಗಿ. ಟೀನೂ ಅವಳೇ ಮಾಡ್ಕೊಟ್ಳು."

ಟೀ ಬೇರೆ. ಆ ದಿನ ನಾನು ಕತ್ತರಿ ಮುಟ್ಟಲಿಲ್ಲ. ಮುಟ್ಟಿದ್ದರೆ ಯಾರದೋ ತೋಳು ಗಿಡ್ಡವಾಗುತ್ತಿತ್ತು.

ಅಷ್ಟಾದ ಮೇಲೆ ತಂಗಿಯ ಫೋನ್. "ಅಕ್ಕಾ, ಕಚ್ಚಾ ಹೊಲಿಗೆ ಹಾಕಿದೀನಿ. ಎಡಭುಜ ಮಾತ್ರ ಬಿಟ್ಟಿದೀನಿ. ಅವರಿಗೆ ಆ ಕಡೆ ಇಳಿದಿದೆ, ಅದು ನಿನ್ ಕೈಗೇ ಗೊತ್ತು. ನೀನೇ ಬರ್ಬೇಕು."

"ಹೇಗೆ ಬರ್ಲಿ, ಹಾರ್ಕೊಂಡಾ?"

"ಇರು, ನಾನೇ ಬರ್ತೀನಿ."

ನೋಡಿ, ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬಿಡದವಳು. ಕೆಂಪು ಗಾಡಿಯನ್ನು ಆಚೆ ನಿಲ್ಲಿಸಿ, ಕುಂಟುತ್ತ ರಸ್ತೆ ದಾಟಿ ಬಂದಳು. ನನ್ನ ಗಾಡಿಯ ಮೇಲೆ ಪೇರಿಸಿಟ್ಟ ಬಟ್ಟೆರಾಶಿ ಇಳಿಸಿ, ನನ್ನನ್ನು ಕೂರಿಸಿ, ಹಿಂದಿನಿಂದ ತಳ್ಳತೊಡಗಿದಳು. ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಅಡ್ಡ ಬಂದ.

"ಮೋಟರ್ ಆನ್ ಇದೆಯೇನಮ್ಮ?"

"ಇಲ್ಲಪ್ಪ. ತಂಗಿ ಆನ್ ಆಗಿದಾಳೆ."

ಅವನು ಬಗ್ಗಿ ನೋಡಿದ, ತಲೆ ಕೆರೆದುಕೊಂಡ. "ಹಾಗಾದ್ರೆ ತಳ್ಳುಗಾಡಿ ಲೆಕ್ಕ. ತಳ್ಳುಗಾಡಿಗೆ ಅಡ್ಡಿ ಇಲ್ಲ, ಹೋಗಿ."

ತಮ್ಮ ನಿಯಮದ ಪ್ರಕಾರ ಬ್ಯಾಟರಿ ಎಳೆದರೆ ಅಡಚಣೆ, ಮಂಡಿನೋವಿನ ಹೆಂಗಸು ಏದುಸಿರು ಬಿಡುತ್ತ ತಳ್ಳಿದರೆ ಸುಗಮ ಸಂಚಾರ. ಚಕ್ರ ಆ ಬದಿಯನ್ನು ಮುಟ್ಟಿತೋ ಇಲ್ಲವೋ, ನಾನು ಸ್ವಿಚ್ ಒತ್ತಿದೆ. ಕೆಂಪು ಗಾಡಿ ಮುಂದೆ, ಹಸಿರು ಹಿಂದೆ. ಯಾರ ಭುಜವನ್ನೂ ಹಿಡಿಯದೆ ಬೇಕರಿಯ ತಿರುವು ದಾಟಿದೆ. ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಇದು ಇವಳಿಗೆ ದಿನಾ ಸಿಗುತ್ತಿದೆಯಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಹೆಡ್‌ಮಿಸ್ಟ್ರೆಸ್ ಮನೆಯಲ್ಲಿ ಕೋಟು ತೊಡಿಸಿ ನೋಡಿ, ಎಡಭುಜಕ್ಕೆ ಪಿನ್ನು ಹಾಕಿ, ಕೋಟು ಹಿಡಿದು ಹೊರಟೆ. ಬರುವಾಗಲೂ ಅವಳೇ ತಳ್ಳಿದಳು. ಮರುದಿನ ಅವಳ ಮಂಡಿ ಊದಿಕೊಂಡು, ನೆಲಕ್ಕೆ ಕಾಲೂರಲಾಗದಂತಾಯಿತು. ಈಗ ಕೆಂಪು ಗಾಡಿಯೂ ನಿಂತಿದೆ. ಭುಜ ತಿದ್ದಿದ ಕೋಟು ನನ್ನ ಮೇಜಿನ ಮೇಲಿದೆ. ಇನ್ನೊಮ್ಮೆ ತೊಡಿಸಿ ನೋಡದೆ ಬಿಳಿ ದಾರ ಬಿಚ್ಚುವಂತಿಲ್ಲ. ಸಮಾರಂಭ ಮುಂದಿನ ವಾರ. "ಇಬ್ಬರಲ್ಲಿ ಯಾರಾದ್ರೂ ಒಬ್ರು ಬನ್ರಮ್ಮ" ಎಂದು ಹೆಡ್‌ಮಿಸ್ಟ್ರೆಸ್ ಫೋನ್ ಮಾಡುತ್ತಲೇ ಇದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇಂಥ ನಿಧಾನದ ಗಾಡಿಗಳು ರಸ್ತೆಯ ಅಂಚಿನಲ್ಲಿ ಹೋಗಲು ಈ ವಾರವೇ ಅನುಮತಿ ಕೊಡಿ. ಕೊಡಲಾಗದಿದ್ದರೆ ಗುರುವಾರ ಬೆಳಿಗ್ಗೆ ತಾವೇ ನಮ್ಮ ಮನೆಗೆ ದಯಮಾಡಿಸಿ. ಗಾಡಿ ಬಾಗಿಲಲ್ಲೇ ಇರುತ್ತದೆ, ಕೋಟು ಮಡಿಲಲ್ಲಿಟ್ಟುಕೊಂಡು ನಾನು ಕೂತಿರುತ್ತೇನೆ. ತಳ್ಳಲು ಜನ ಬೇಕು. ಇದ್ದೊಬ್ಬ ತಂಗಿಯನ್ನು ನಿಮ್ಮ ನಿಯಮ ಮಲಗಿಸಿದೆ, ಅವಳ ಮೇಲೆ ಹೊಟ್ಟೆಕಿಚ್ಚು ಪಡಲೂ ಈಗ ನನಗೆ ಮನಸ್ಸು ಬರುತ್ತಿಲ್ಲ.

ಇಂತಿ,
ತಮ್ಮ ಬಿಳಿ ಗಾಡಿಯನ್ನು ನೋಡಿ ಸದ್ಯಕ್ಕೆ ಕರುಬುತ್ತಿರುವ,
ಹಸಿರು ತಳ್ಳುಗಾಡಿಯ ದರ್ಜಿ