ಉಪವಾಸದಲ್ಲಿ ಚಿಗುರಿದ ಕೂದಲು

ಜೂನ್ 4, ಬೆಳಿಗ್ಗೆ 5.30

ಲೋಷನ್ ಹಚ್ಚಿದ್ದಾಯಿತು. ನೆತ್ತಿಯ ಮೇಲೆ ಡ್ರಾಪರಿನಿಂದ ಹನಿ, ಬೆರಳ ತುದಿಯಲ್ಲಿ ಸವರುವುದು, ಒಣಗುವ ತನಕ ಟೋಪಿ ಹಾಕುವಂತಿಲ್ಲ. ಬಯೋಟಿನ್ ಮಾತ್ರೆ ಒಂದು. ಕಬ್ಬಿಣಾಂಶದ್ದು ಒಂದು. ಎರಡು ಮೊಟ್ಟೆ, ಒಂದು ಹಿಡಿ ಮೊಳಕೆ ಕಾಳು. ಭಾನುವಾರ ಮಾತ್ರ ಈರುಳ್ಳಿ ರಸ — ಆ ನಾತಕ್ಕೆ ಹೆಂಡತಿ ದಿಂಬು ಎತ್ತಿಕೊಂಡು ನಡುಮನೆಗೆ ಹೋಗುತ್ತಾಳೆ. ಮೆಡಿಕಲ್ ಶಾಪಿನವನು ಹೇಳಿದ್ದ: "ಶುರುವಲ್ಲಿ ಇನ್ನೂ ಉದುರತ್ತೆ ಸರ್, ಹೆದರಬೇಡಿ. ಬಿಡದೆ ಹಚ್ಚಿ." ಉದುರಿತು. ಹೆದರಲಿಲ್ಲ ಎಂದು ಬರೆದರೆ ಸುಳ್ಳು.

ಪ್ರೋಟೀನ್ ಪುಡಿ ಮನೆಯಲ್ಲಿಲ್ಲ. ಡಿಪೋ ವರ್ಕ್‌ಶಾಪಿನ ನನ್ನ ಲಾಕರಿನಲ್ಲಿ, ತಿಕ್ಕಿ ತೊಳೆದ ಗ್ರೀಸ್ ಡಬ್ಬದೊಳಗೆ ಇದೆ. ಇಪ್ಪತ್ತು ವರ್ಷ ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿದ ಮೆಕ್ಯಾನಿಕ್, ಅದರ ಮೇಲೆ ಯೂನಿಯನ್ ಕಾರ್ಯದರ್ಶಿ — ಕೂದಲಿಗಾಗಿ ಚಾಕೊಲೇಟ್ ಪುಡಿ ಕುಡಿಯುತ್ತಾನೆ ಎಂದು ಗೊತ್ತಾದರೆ ಮುಗಿಯಿತು. ಬಸ್ಸಿನ ಹಿಂದೆ ಬರೆದು ಊರೆಲ್ಲ ಓಡಿಸುತ್ತಾರೆ.

ಜೂನ್ 9

ಗೇಟ್ ಮೀಟಿಂಗ್. ಕರಪತ್ರ ಬರೆದವನು ನಾನು. ಮೈಕು, ಬೆಂಚು ಹೊಂದಿಸಿದವನು ನಾನು. ಮಾತಾಡಿದವನು ಗುಂಗುರು.

ಕಂಡಕ್ಟರ್ ಅವನು. ಸೇರಿ ಇನ್ನೂ ನಾಲ್ಕು ವರ್ಷವಿಲ್ಲ. ತಲೆ ತುಂಬ ಗುಂಗುರು ಕೂದಲು, ಅದೇ ಹೆಸರಾಗಿ ಕೂತಿದೆ. ಬಾಯಿ ತೆರೆಯುವ ಮುಂಚೆ ಒಮ್ಮೆ ತಲೆ ಕೊಡವುತ್ತಾನೆ. ಅಷ್ಟಕ್ಕೇ ಚಪ್ಪಾಳೆ. ವಾದಕ್ಕಲ್ಲ, ಕೂದಲಿಗೆ. ಹಳೆಯ ಮುಷ್ಕರದಲ್ಲಿ ಲಾಠಿ ತಿಂದ ಬುರುಡೆ ನನ್ನದು. ಹೊಲಿಗೆಯ ಗುರುತು ಈಗ ಎಲ್ಲರಿಗೂ ಕಾಣುತ್ತದೆ. ಯಾರಿಗೂ ನೆನಪಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಡ್ರೈವರ್: "ಕಾರ್ಯದರ್ಶಿಗಳು ಸ್ವಲ್ಪ ಬಗ್ಗಿ ಕೂತ್ಕೊಳ್ಳಿ. ಹೆಡ್‌ಲೈಟ್ ಕಣ್ಣಿಗೆ ಹೊಡೀತಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗುಂಗುರು ನಗಲಿಲ್ಲ. ಅದಕ್ಕೇ ಹೊಟ್ಟೆ ಇನ್ನೂ ಉರಿಯಿತು.

ಅಧ್ಯಕ್ಷರು ಸೆಪ್ಟೆಂಬರಿಗೆ ನಿವೃತ್ತಿ. ಆ ಜಾಗ ನನ್ನದು. ಸರತಿಯ ಲೆಕ್ಕದಲ್ಲಿ ನನ್ನದು, ಸವೆದ ಚಪ್ಪಲಿಯ ಲೆಕ್ಕದಲ್ಲೂ ನನ್ನದು. ಆದರೆ ಓಟು ಹಾಕುವವರು ಮುಖ ನೋಡುತ್ತಾರೆ.

ಜೂನ್ 10

ಹೆಂಡತಿಯೂ ಮೀಟಿಂಗಿಗೆ ಬಂದಿದ್ದಳಂತೆ. ಹೊಲಿಗೆ ಮಿಷನ್ ತುಳಿಯುತ್ತಲೇ, "ಆ ಹುಡುಗ ಚೆನ್ನಾಗಿ ಮಾತಾಡ್ತಾನೆ ಅಲ್ವಾ?"

"ಬರೆದುಕೊಟ್ಟಿದ್ದು ನಾನು."

"ಅದಕ್ಕೇ ಚೆನ್ನಾಗಿತ್ತು." ದಾರ ಕಚ್ಚಿ ಕತ್ತರಿಸಿದಳು. "ಕೂದಲು ಮಾತ್ರ ಅವನದ್ದೇ."

ನಾನು ಎದ್ದೆ. ಅವಳು ಬಿಡಲಿಲ್ಲ. "ರೀ, ಮದುವೆ ದಿನಾನೇ ನಿಮ್ಮ ಹಣೆ ಅರ್ಧ ತಲೆ ತನಕ ಹೋಗಿತ್ತು. ನಾನೇನು ಕೂದಲು ನೋಡಿ ಬಂದೆನಾ?"

ಏನು ನೋಡಿ ಬಂದೆ ಎಂದು ಕೇಳಬಹುದಿತ್ತು. ಕನ್ನಡಿಯ ಮುಂದೆ ಹೋಗಿ ಇನ್ನಷ್ಟು ಲೋಷನ್ ಹಚ್ಚಿದೆ.

ಜೂನ್ 19

ಡಿಪೋದಲ್ಲಿ ಕಸ ಗುಡಿಸುವ ಹನ್ನೊಂದು ಹೆಂಗಸರನ್ನೂ ಒಂದೇ ನೋಟಿಸಿನಲ್ಲಿ ಕಿತ್ತು ಹಾಕಿದ್ದಾರೆ. ಗುತ್ತಿಗೆದಾರ ಬರುತ್ತಾನಂತೆ, ಅರ್ಧ ಕೂಲಿಗೆ ಬೇರೆಯವರನ್ನು ತರುತ್ತಾನಂತೆ. ಪ್ರಯಾಣಿಕರ ವಾಂತಿ ತೊಳೆದ ಕೈಗಳಿಗೆ ಒಂದು ಹಾಳೆ ಕಾಗದ ಕೊಟ್ಟು ಹೊರಗೆ ಹೋಗಿ ಅಂದರು. ಓದಲು ಬಾರದವರಿಗೆ ಓದಿ ಹೇಳುವ ಮರ್ಯಾದೆಯೂ ಇಲ್ಲ.

ಸಮಿತಿ ಸಭೆ. ಗುಂಗುರು ಎದ್ದ. "ನಾನು ಉಪವಾಸ ಕೂರ್ತೀನಿ. ಅವರನ್ನ ವಾಪಸ್ ತಗೊಳ್ಳೋ ತನಕ."

ಎಲ್ಲರ ಕಣ್ಣೂ ಅವನ ಮೇಲೆ. ನನ್ನ ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ. "ನಾನೂ," ಅಂದಿತು.

ಹನ್ನೊಂದು ಹೊಟ್ಟೆಗಳಿಗಾಗಿ ಅಂದೆ ಅಂತ ಹೊರಗೆ ಹೇಳಿಕೊಳ್ಳಬಹುದು. ಇಲ್ಲಿ ಬೇಡ. ಅವನೊಬ್ಬನೇ ಕೂತರೆ ಅಧ್ಯಕ್ಷಗಿರಿ ಅವನ ಕಾಲಬುಡಕ್ಕೆ ನಡೆದು ಹೋಗುತ್ತಿತ್ತು.

ಜೂನ್ 23

ಗೇಟಿನ ಮುಂದೆ ಟೆಂಟು. ನೀರು, ಚಿಟಿಕೆ ಉಪ್ಪು, ಅಷ್ಟೇ. ಆ ಹೆಂಗಸರಲ್ಲಿ ಹಿರಿಯಳು, ಎಲ್ಲರೂ ಅಕ್ಕ ಎನ್ನುವವಳು, ಬೆಳಿಗ್ಗೆಯೇ ಬಂದು ಟೆಂಟು ಗುಡಿಸಿದಳು.

"ಕೆಲಸದಿಂದ ತೆಗೆದ್ರಲ್ಲ ಅಕ್ಕ, ಇನ್ನೂ ಯಾಕೆ ಗುಡಿಸ್ತೀರ?" ಗುಂಗುರು ಕೇಳಿದ.

"ಅವರು ಕಿತ್ಕೊಂಡಿದ್ದು ಸಂಬಳ ಕಣಪ್ಪ. ಪೊರಕೆ ನಂದೇ."

ಜೂನ್ 25, ಮಧ್ಯಾಹ್ನ

ಫೋನಿನಲ್ಲಿ ಓದಬಾರದಿತ್ತು. ಊಟ ಬಿಟ್ಟರೆ, ಪ್ರೋಟೀನ್ ನಿಂತರೆ ಕೂದಲ ಬೇರು ಮುಷ್ಕರ ಹೂಡುತ್ತದಂತೆ. ಈಗಲ್ಲ, ಎರಡು ಮೂರು ತಿಂಗಳಾದ ಮೇಲೆ ಗುಪ್ಪೆ ಗುಪ್ಪೆ ಕೈಗೆ ಬರುತ್ತದಂತೆ. ನೆತ್ತಿಯ ಮೇಲೆ ಈಗ ತಾನೇ ನುಣುಪು ಹೋಗಿ ತರಿ ತರಿ. ಮೂರು ತಿಂಗಳ ಈರುಳ್ಳಿ, ಮೂರು ತಿಂಗಳ ಲೋಷನ್… ಎಲ್ಲ ಬೆಂಕಿಗೆ.

ಪಕ್ಕದಲ್ಲಿ ಗುಂಗುರು ಮಲಗಿದ್ದ. ಟವೆಲ್ಲಿನ ಮೇಲೆ ಅಷ್ಟೂ ಕೂದಲು ಹರಡಿಕೊಂಡು. ಅದು ಅವನಿಗೆ ಲೆಕ್ಕಕ್ಕೇ ಇಲ್ಲ. ಉಳ್ಳವರಿಗೆ ಯಾವುದೂ ಹಾಗೆಯೇ.

ಬಟ್ಟೆ ಬದಲಾಯಿಸಿ ಬರುತ್ತೇನೆಂದು ವರ್ಕ್‌ಶಾಪಿಗೆ ಹೋದೆ. ಲಾಕರ್. ಗ್ರೀಸ್ ಡಬ್ಬ. ಸ್ಟೀಲ್ ಬಾಟಲಿಯ ನೀರಿಗೆ ಎರಡು ಚಮಚ. ಇದು ಊಟವಲ್ಲ, ಔಷಧಿ ಎಂದುಕೊಂಡೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಕೂಡ ಹೀಗೇ ಏನೋ ಒಂದು ಅಂದುಕೊಳ್ಳುತ್ತಿರಬೇಕು.

ಜೂನ್ 27

ಸರ್ಕಾರಿ ಡಾಕ್ಟರ್ ಬಂದು ತೂಕ ನೋಡಿದರು. ಗುಂಗುರು ತೀರಾ ಇಳಿದಿದ್ದಾನೆ, ತುಟಿ ಒಡೆದಿದೆ, ನಿಂತರೆ ತಲೆ ಸುತ್ತು. ಬಟ್ಟೆಯ ನೆಪದಲ್ಲಿ ದಿನಾ ಲಾಕರಿಗೆ ಹೋಗಿಬರುವ ನನ್ನ ತೂಕದ ಮುಳ್ಳು ಅಷ್ಟೇನೂ ಅಲ್ಲಾಡಿಲ್ಲ.

"ನಿಮ್ಮದು ಗಟ್ಟಿ ದೇಹ," ಎಂದರು.

ಸುತ್ತ ನಿಂತವರಲ್ಲಿ ಯಾರೋ, "ಹಳೇ ಕಬ್ಬಿಣ ಕಣ್ರೋ ಅದು," ಎಂದ. ಚಪ್ಪಾಳೆ. ಎಷ್ಟೋ ವರ್ಷದ ಮೇಲೆ, ನನಗೆ. ಹಿತವಾಗಿತ್ತು. ಹೌದು, ಹಿತವಾಗಿತ್ತು. ಗುಂಗುರುವಿನ ಬಾಡಿದ ಮುಖ ನೋಡಿದಾಗ ಇನ್ನೂ ಹಿತವಾಯಿತು.

ಜೂನ್ 28

ಟೆಂಟಿನ ಗೂಟದಿಂದ ನನ್ನ ಬಾಟಲಿಯ ತನಕ ಇರುವೆ ಸಾಲು. ಕೆಂಪಿರುವೆ, ಶಿಸ್ತಾಗಿ, ನಮ್ಮ ಮೆರವಣಿಗೆಗಿಂತ ಶಿಸ್ತಾಗಿ. ಗುಂಗುರುವಿನ ಬಾಟಲಿಯ ಕಡೆಗೆ ಒಂದೂ ಇಲ್ಲ.

ಅಕ್ಕ ನಿಂತು ನೋಡಿದಳು. ಬಾಟಲಿ ನೋಡಿದಳು. ನನ್ನನ್ನು ನೋಡಿದಳು. ಪೊರಕೆಯ ತುದಿಯಿಂದ ಸಾಲನ್ನು ಗುಡಿಸಿ, ಆಚೆ ಮಣ್ಣಿಗೆ ತಳ್ಳಿ, ಬಾಟಲಿಯ ಬಾಯನ್ನು ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಟ್ಟಳು. ಪೇಪರಿನವರು ಕ್ಯಾಮೆರಾ ಹಿಡಿದು ಒಳಗೆ ಬಂದದ್ದು ಆಮೇಲೆ.

ಅಕ್ಕ ಅಷ್ಟರಲ್ಲಿ ಮುಂದಿನ ಮೂಲೆ ಗುಡಿಸುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

ಜುಲೈ 1

ಗೆದ್ದೆವು. ಹನ್ನೊಂದು ಜನರೂ ವಾಪಸ್. ಆಡಳಿತದವರೇ ಬಂದು ಹಣ್ಣಿನ ರಸ ಕುಡಿಸಿದರು. ಗುಂಗುರು ಲೋಟ ಹಿಡಿಯಲಾಗದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ನಾನು ಒಂದು ಹನಿ ಚೆಲ್ಲಲಿಲ್ಲ. ಹೆಗಲ ಮೇಲೆ ಎತ್ತಿಕೊಂಡದ್ದು ಅವನನ್ನು.

ಸೆಪ್ಟೆಂಬರ್ 17

ಎಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ತಲೆಯ ಮೇಲೆಯೇ ನಡೆಯುತ್ತಿತ್ತು — ಚಿಗುರಿದೆ. ನಿಜವಾಗಿ. ಬಾಚಿದರೆ ಬಾಚಣಿಗೆಗೆ ಕೆಲಸ ಸಿಗುತ್ತದೆ. "ಉಪವಾಸ ಮಾಡಿದ್ದಕ್ಕೆ ಕಳೆ ಬಂದಿದೆ ಬಿಡಿ," ಎನ್ನುತ್ತಾರೆ ಡ್ರೈವರುಗಳು.

ಗುಂಗುರು ಈಚೆಗೆ ಟೋಪಿ ಇಲ್ಲದೆ ಕಾಣುವುದಿಲ್ಲ. ಇವತ್ತು ಕ್ಯಾಂಟೀನಿನಲ್ಲಿ ಬೆವರು ಒರೆಸಲು ತೆಗೆದ. ಕೈಯ ಜೊತೆ ಒಂದು ಗುಪ್ಪೆ ಬಂತು. ತಟ್ಟೆಗೆ ಬೀಳದ ಹಾಗೆ ಮುಷ್ಟಿ ಬಿಗಿಹಿಡಿದ.

ಎಷ್ಟು ಕಾಲ ಕಾದಿದ್ದೆ ಇದನ್ನು ನೋಡಲು. ನೋಡಿದೆ. ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ.

ಸೆಪ್ಟೆಂಬರ್ 24

ಬಸ್ಸಿನಡಿಯ ಪಿಟ್ಟಿನ ಗುಂಡಿಯೊಳಗೆ ನಿಂತು ಆಕ್ಸಲ್ ನೋಡುತ್ತಿದ್ದೆ. ಗುಂಗುರು ಮೇಲೆ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ಅಣ್ಣ, ಡಾಕ್ಟರಿಗೆ ತೋರಿಸಿದೆ. ಅಷ್ಟು ದಿನ ಹೊಟ್ಟೆಗಿಲ್ಲದೆ ಇದ್ರೆ ಹೀಗಾಗೋದು ಮಾಮೂಲಂತೆ. ಮತ್ತೆ ಬರತ್ತಂತೆ. ನಿಮಗೆ ಹೇಗೆ ಉದುರಲಿಲ್ಲ?"

ಸ್ಪ್ಯಾನರ್ ಜಾರಿತು. ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡನಂತೆ, ನಾನು ತಲೆ ಮುಟ್ಟಿಕೊಂಡೆ.

"ಅದೇ ಟೆಂಟು, ಅದೇ ನೀರು. ಮೈ ಮೈಗೆ ಎಷ್ಟು ವ್ಯತ್ಯಾಸ ನೋಡಿ. ಏನಾದ್ರೂ ಹಚ್ತೀರಾ? ಹೇಳಿ ಅಣ್ಣ, ನಂಗಿನ್ನೂ ಮದುವೆ ಆಗ್ಬೇಕು." ನಕ್ಕ. ಆ ಮಾತಿನಲ್ಲಿ ಅನುಮಾನದ ಎಳೆ ಹುಡುಕಿದೆ. ಇರಲಿಲ್ಲ. "ಮತ್ತೆ ಅಣ್ಣ, ಭಾನುವಾರ ಅಧ್ಯಕ್ಷಗಿರಿಗೆ ನಿಮ್ಮ ಹೆಸರು ನಾನೇ ಸೂಚಿಸ್ತೀನಿ. ಉಪವಾಸದಲ್ಲಿ ಟೆಂಟಿಂದ ಎದ್ದು ಹೋಗೋಣ ಅನ್ಸಿತ್ತು, ನಾಲ್ಕು ಸಲ. ನೀವು ಬಂಡೆ ಥರ ಕೂತಿದ್ರಲ್ಲ, ನಿಮ್ಮನ್ನ ನೋಡ್ಕೊಂಡೇ ಕೂತೆ."

ಲೋಷನ್ನಿನ ಹೆಸರು ಹೇಳಿದೆ. ಪುಡಿಯ ಹೆಸರು ಹೇಳಲಿಲ್ಲ.

ಸೆಪ್ಟೆಂಬರ್ 26

ಕ್ಷೌರದಂಗಡಿ. "ಪೂರ್ತಿ ತೆಗಿ."

"ಈಗ ತಾನೇ ಪೈರು ಎದ್ದಿದೆ, ಕಟಾವು ಮಾಡ್ಸೋದಾ?" ಎಂದ ಕ್ಷೌರಿಕ. ಬಟ್ಟೆ ಕಟ್ಟಿ, ನೀರು ಚಿಮುಕಿಸಿದ. "ನಿಮ್ಮ ಗುಂಗುರು ಕಂಡಕ್ಟರೂ ನಿನ್ನೆ ಬಂದು ಪೂರ್ತಿ ತೆಗೆಸಿಕೊಂಡ. ನನಗೇ ಕತ್ತರಿ ಇಡೋಕೆ ಮನಸ್ಸು ಬರಲಿಲ್ಲ. ಅವನು ಹೇಳ್ತಾನೆ, ಹನ್ನೊಂದು ಜನಕ್ಕೆ ಕೆಲಸ ಬಂತಲ್ಲ, ಕೂದಲು ಬರದೆ ಎಲ್ಲಿಗೆ ಹೋಗತ್ತೆ ಅಂತ."

ಕತ್ತಿ ನೆತ್ತಿಯ ಹತ್ತಿರ ಬಂದಾಗ ಎದ್ದುಬಿಟ್ಟೆ. ಬಟ್ಟೆ ಕಿತ್ತು ಅವನ ಕೈಗೆ ಕೊಟ್ಟೆ. ಇದನ್ನೂ ಬೋಳಿಸಿದರೆ ನನ್ನ ಕಳ್ಳತನಕ್ಕೆ ಇದ್ದ ಒಂದು ಸಾಕ್ಷಿಯನ್ನೂ ಮುಗಿಸಿದ ಹಾಗೆ.

ಸೆಪ್ಟೆಂಬರ್ 28, ಬೆಳಿಗ್ಗೆ 10.20, ಸಭೆಯ ಹಾಲ್

ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಟೋಪಿ ಕಿವಿಯ ತನಕ ಎಳೆದಿದ್ದೇನೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಯಾರು ಅಧ್ಯಕ್ಷರಾಗಬೇಕು ಎಂದು ಮೆಲ್ಲಗೆ ಕೇಳಿದೆ.

"ಅದು ನಿಮ್ಮಗಳ ಓಟು."

"ಅವತ್ತು ಯಾಕೆ ಸುಮ್ಮನಿದ್ರಿ?"

"ಅವತ್ತು ಬಾಯಿ ಬಿಟ್ಟಿದ್ರೆ ಹನ್ನೊಂದು ಒಲೆ ಆರೋದು." ಮಡಿಲಲ್ಲಿ ಕೈ ಇಟ್ಟುಕೊಂಡು ವೇದಿಕೆಯ ಕಡೆಯೇ ನೋಡುತ್ತಿದ್ದಳು. "ಬರೀ ನೀರಿಗೆ ಇರುವೆ ಮುತ್ತಲ್ಲ ಕಣಪ್ಪ. ನನ್ನ ಕೆಲಸ ನಾನು ಮಾಡಿದೆ, ಗುಡಿಸಿದೆ. ಇನ್ನು ನಿನ್ನ ಕೆಲಸ ನಿಂದು."

ಗುಂಗುರು ವೇದಿಕೆ ಹತ್ತಿದ. ಅಭ್ಯಾಸ ಬಲದಿಂದ ತಲೆ ಕೊಡವಿದ — ಕೊಡವಲು ಏನೂ ಇಲ್ಲ. ತಾನೇ ನಕ್ಕ. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೂದಲಿಗಲ್ಲ.

ಈ ಹೊಟ್ಟೆಗೆ ನಾಚಿಕೆಯಿಲ್ಲ. ಈಗ ಆ ಬೋಳು ತಲೆಯನ್ನು ಕಂಡು ಉರಿಯುತ್ತಿದೆ.

ನನ್ನ ಹೆಸರು ಕೂಗಿದ. ಎಲ್ಲರೂ ತಿರುಗಿದರು. ಮೈಕಿನ ತನಕ ನಡೆಯಬೇಕು. ಮೊದಲು ಟೋಪಿ ತೆಗೆಯಬೇಕು. ಆಮೇಲೆ ಗ್ರೀಸ್ ಡಬ್ಬದೊಳಗೆ ಏನಿತ್ತೆಂದು ಹೇಳಬೇಕು.