ಹದಿನಾರು ನಟ್ಟು

ಜನವರಿ 11, ಸಂಜೆ

ಸೆಕೆಂಡ್ ಶಿಫ್ಟಿನವರಿಗೆ ಕೀ ಕೊಟ್ಟು ಹೊರಟೆ. ಗೌರಿಬಿದನೂರು ಸ್ಟೇಷನ್. ರೈಲು ಇಪ್ಪತ್ತು ನಿಮಿಷ ಲೇಟು, ಎಂದಿನಂತೆ. ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಮುರಳಿಮೋಹನ್ ಸರ್ ಫೋನು. ಪ್ಲಾಂಟಿನ ಎಚ್‌ಆರ್ ಮ್ಯಾನೇಜರ್ — ರಜೆಯ ಲೆಕ್ಕ ಕೇಳುವುದಕ್ಕೆ ಬಿಟ್ಟರೆ ನನಗೆ ಫೋನು ಮಾಡುವವರಲ್ಲ.

"ತನುಜ, ಕೂತಿದ್ದೀಯೋ ನಿಂತಿದ್ದೀಯೋ?"

"ಕೂತಿದ್ದೀನಿ ಸರ್."

"ಹಂಗಾದ್ರೆ ಹೇಳ್ಬಹುದು. ಮಲಾವಿ ಲಿಸ್ಟಲ್ಲಿ ನಿನ್ನ ಹೆಸರಿದೆ. ಟೆಕ್ನಿಕಲ್ ಎಲ್ಲಾ ನಿಂದೇ."

ಕಡಲೆಕಾಯಿ ಪೊಟ್ಟಣ ಕೆಳಗೆ ಬಿತ್ತು. ಆಫ್ರಿಕಾದ ಮಲಾವಿ. ಕರೆಂಟು ಕಾಣದ ಒಂದು ಶಾಲೆಗೆ ಸೋಲಾರ್ ಹಾಕಿ ಬರುವುದು; ಖರ್ಚು ಕಂಪನಿಯದು, ಮೈಕೈ ನೋವು ನಮ್ಮದು. ಬೆಂಗಳೂರು ಆಫೀಸಿನ ಬಿ.ಇ.ಗಳು ನಲವತ್ತು ಮಂದಿ ಅರ್ಜಿ ಹಾಕಿದ್ದರು. ಡಿಪ್ಲೊಮಾದವಳು ನಾನೊಬ್ಬಳೇ. ಹಾಕಿದ ದಿನ ಕ್ಯಾಂಟೀನಿನಲ್ಲಿ ನಕ್ಕವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದವಳೇ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಚಿಂತಾಮಣಿ ಸುತ್ತ ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿ ಕಂಬ ಹತ್ತಿದವರು, ಈಗ ಅಲ್ಲೇ ಮೊಮ್ಮಕ್ಕಳ ಸೈಕಲ್ ರಿಪೇರಿ.

"ಅಷ್ಟು ದೂರದ ಸ್ಕೂಲಲ್ಲೂ ಕತ್ಲೇನಾಮ್ಮ?"

"ಹೂಂ ಅಪ್ಪ."

"ಹಂಗಾದ್ರೆ ಹೋಗ್ಬುಟ್ಟು ಬಾ. ನೀನು ಓದಿದ್ದು ಸಾಕು ಕ್ಯಾಂಡಲ್‌ನಾಗೆ."

ಲೈನ್‌ಮ್ಯಾನ್ ಮಗಳು ಕ್ಯಾಂಡಲ್ ಹಚ್ಚಿಕೊಂಡು ಎಸೆಸೆಲ್ಸಿ ಓದಿದ್ದು ನಿಜ. ದೀಪದ ಬುಡದಲ್ಲೇ ಕತ್ತಲೆ ಎಂದು ಬೀದಿಯವರೆಲ್ಲ ಆಡಿಕೊಂಡಿದ್ದರು. ಅಪ್ಪ ಅದನ್ನು ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ ಎಂದು ಇವತ್ತು ಗೊತ್ತಾಯಿತು.

ಜನವರಿ 28

ಸ್ಟ್ಯಾಂಡುಗಳು ಮುಗಿದವು. ನಾಲ್ಕು. ಒಂದೊಂದರ ಮೇಲೆ ಎರಡು ಪ್ಯಾನೆಲ್. ಮುಂದಿನ ಎರಡು ಕಾಲು ಗಿಡ್ಡ, ಹಿಂದಿನ ಎರಡು ಉದ್ದ, ಮಂಚದ ಒಂದು ಕಡೆ ಇಟ್ಟಿಗೆ ಕೊಟ್ಟ ಹಾಗೆ ಓರೆ. ಡ್ರಾಯಿಂಗ್ ನನ್ನದು. ಮೂಲೆಯಲ್ಲಿ ನನ್ನ ಇನಿಷಿಯಲ್ ಹಾಕುವಾಗ ಕೈ ಸ್ವಲ್ಪ ಹೆಚ್ಚೇ ಒತ್ತಿತು.

ಗಿಡ್ಡ ಕಾಲಿನ ಮೇಲೆ ಕೆಂಪು ಪೇಂಟಿನಲ್ಲಿ ಬಾಣ ಬರೆದೆ. ಪಕ್ಕದಲ್ಲಿ "ದಕ್ಷಿಣ", ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಚಿಕ್ಕಬಳ್ಳಾಪುರದಲ್ಲಿ ಯಾವ ಮನೆಯ ತಾರಸಿ ನೋಡಿದರೂ ವಾಟರ್ ಹೀಟರ್ ದಕ್ಷಿಣಕ್ಕೇ ಮುಖ ಮಾಡಿರುತ್ತದೆ. ಪುಸ್ತಕ ತೆಗೆದು ನೋಡುವ ವಿಷಯವೇ ಅಲ್ಲ.

ವೆಲ್ಡರ್ ವೆಂಕಟರವಣಪ್ಪನವರದ್ದು ಇನ್ನೊಂದು ಬುದ್ಧಿವಾದ. ಪ್ಲಾಂಟಿಗೇ ಹಿರಿಯರು. "ಬೋಲ್ಟ್‌ಗೆ ನಟ್ಟು ಟೈಟ್ ಮಾಡಿ ಬಂದ್ಬಿಡಬೇಡ ಕಣಮ್ಮ. ಮ್ಯಾಲೆ ಒಂದು ವೆಲ್ಡಿಂಗ್ ಚುಕ್ಕೆ ಇಡ್ಸು. ನಮ್ ಹೊಲದ ಪ್ಯಾನೆಲ್ ಎರಡ್ ಸಲ ಬಿಚ್ಕೊಂಡೋದ್ರು ದೊಂಗಲು."

ದೊಂಗಲು, ಕಳ್ಳರು. ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುವುದು. ಕಾಲಿಗೊಂದರಂತೆ ಒಂದು ಸ್ಟ್ಯಾಂಡಿಗೆ ನಾಲ್ಕು ನಟ್ಟು, ಒಟ್ಟು ಹದಿನಾರು. ಎಲ್ಲಕ್ಕೂ ವೆಲ್ಡಿಂಗ್ ಎಂದು ಡ್ರಾಯಿಂಗಿನಲ್ಲೇ ಬರೆದೆ. ಸ್ಟ್ಯಾಂಡುಗಳು ವಾರದಲ್ಲಿ ಹಡಗು ಹತ್ತುತ್ತವಂತೆ.

ಏಪ್ರಿಲ್ 24, ಮಧ್ಯಾಹ್ನ

ಮೂರು ತಿಂಗಳು ಒಂದಕ್ಷರ ಬರೆದಿಲ್ಲ. ಪಾಸ್‌ಪೋರ್ಟು, ಲಸಿಕೆ, ಆಡಿಟ್.

ಸ್ಯಾಂಪಲ್ಲಿಗೆ ಉಳಿಸಿಕೊಂಡಿದ್ದ ಐದನೆಯ ಸ್ಟ್ಯಾಂಡನ್ನು ಪ್ಲಾಂಟಿನ ಅಂಗಳದಲ್ಲಿ ನಿಲ್ಲಿಸಿ ಇವತ್ತು ಟ್ರಯಲ್. ಹನ್ನೆರಡೂ ಕಾಲಿಗೆ ಒಂದು ವಿಚಿತ್ರ ನೋಡಿದೆ. ನನಗೆ ನೆರಳೇ ಇಲ್ಲ! ಕಾಲ ಕೆಳಗೆ ಚಪ್ಪಲಿಯಷ್ಟು ಕಪ್ಪು, ಅಷ್ಟೇ. ಕಂಬಕ್ಕೂ ಇಲ್ಲ, ಬಕೆಟ್ಟಿಗೂ ಇಲ್ಲ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಂತಿದ್ದ. ವರ್ಷಕ್ಕೆ ಎರಡೇ ದಿನ ಹೀಗಂತೆ. ಮೂವತ್ತೇಳು ವರ್ಷ ಇದೇ ನೆಲದ ಮೇಲೆ ನಡೆದಿದ್ದೇನೆ, ಒಂದು ಸಲವೂ ಕಣ್ಣಿಗೆ ಬಿದ್ದಿಲ್ಲವಲ್ಲ.

ಮೀಟರು ಭರ್ತಿ. ಮುರಳಿ ಸರ್ ಪ್ಯಾನೆಲ್ ಜೊತೆ ಸೆಲ್ಫಿ ತೆಗೆದುಕೊಂಡರು.

ಮೇ 3, ಸಂಜೆ. ಕಸುಂಗು ಹತ್ತಿರದ ಹಳ್ಳಿ, ಮಲಾವಿ

ಬಂದೆವು. ಮುರಳಿ ಸರ್, ನಾನು; ಬೆಂಗಳೂರು ಆಫೀಸಿನ ಇಬ್ಬರು ಕಸ್ಟಮ್ಸ್ ಕೆಲಸಕ್ಕೆ ರಾಜಧಾನಿಯಲ್ಲೇ ಉಳಿದರು. ಮಣ್ಣು ಕೆಂಪು, ಶಿಡ್ಲಘಟ್ಟ ರಸ್ತೆಯ ಮಣ್ಣೇ. ಬಸ್ಸಿಳಿದು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಉದ್ದಕ್ಕೂ ಮೆಕ್ಕೆಜೋಳ. ಆಕಾಶ ಎಷ್ಟು ದೊಡ್ಡದು! ಎಲ್ಲಿ ನೋಡಿದರೂ ಒಂದು ತಂತಿ ಇಲ್ಲ. ಲೈನ್‌ಮ್ಯಾನ್ ಮಗಳಿಗೆ ಅದು ಭಯವೂ ಆಗುತ್ತದೆ, ಚೆಂದವೂ ಕಾಣುತ್ತದೆ.

ಹೆಡ್‌ಮಿಸ್ಟ್ರೆಸ್ ಹೆಸರು ಎಸ್ನಾತ್. ಎತ್ತರದ ಹೆಂಗಸು, ಇಂಗ್ಲಿಷು ನನಗಿಂತ ಚೆನ್ನ. ಒಂದು ಕೋಣೆ ತೋರಿಸಿದರು. ಗೋಡೆಗೆ ಒರಗಿಸಿದ ಚಾಪೆಗಳು, ಹದಿನಾಲ್ಕು. ಎಂಟನೇ ಕ್ಲಾಸಿನ ಹದಿನಾಲ್ಕು ಹುಡುಗಿಯರು ಪಬ್ಲಿಕ್ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತಾರೆ.

"ಮನೆಗೆ ಕಳಿಸಿದರೆ ನೀರು, ಸೌದೆ, ತಮ್ಮ ತಂಗಿ. ಪುಸ್ತಕ ಮುಟ್ಟುವುದಿಲ್ಲ" ಎಂದರು ಮೇಡಂ. "ಇಲ್ಲಿ ಐದೂವರೆಗೇ ಕತ್ತಲೆ. ಹೋದ ವರ್ಷ ಹನ್ನೊಂದು ಮಂದಿ ಬರೆದರು, ಪಾಸಾದವರು ಇಬ್ಬರು. ನನಗೆ ಆರರಿಂದ ಎಂಟೂವರೆ ತನಕ ಬೆಳಕು ಕೊಡಿ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ."

ಪರೀಕ್ಷೆಗೆ ಇನ್ನು ಹದಿನೈದು ದಿನ. ಕೊಡುತ್ತೇವೆ ಎಂದೆ. ಎದೆ ತಟ್ಟಿಕೊಂಡೇ ಹೇಳಿದೆ.

ಮೇ 6

ಬೋಲ್ಟು ಹೂತ ಕಾಂಕ್ರೀಟು ಗಟ್ಟಿಯಾಗಿದೆ. ಶಾಲೆಯ ತಗಡಿನ ಮಾಡು ಭಾರ ತಡೆಯದು, ಅದಕ್ಕೆ ಪಕ್ಕದ ಬಯಲಲ್ಲೇ ನಿಲ್ಲಿಸಿದೆವು. ಕಂಪಾಸ್ ಇಟ್ಟು ನೋಡಿದೆ — ಬಾಣ ದಕ್ಷಿಣಕ್ಕೆ, ಕೂದಲೆಳೆ ಆಚೀಚೆ ಇಲ್ಲ. ಕಸುಂಗುವಿನಿಂದ ಜನರೇಟರ್ ಸಮೇತ ಬಂದ ವೆಲ್ಡರ್ ಹದಿನಾರು ನಟ್ಟಿಗೂ ಚುಕ್ಕೆ ಇಟ್ಟು ಹೋದ. ಇಲ್ಲಿ ಬಾಗಿಲಿಗೆ ಬೀಗವೇ ಹಾಕುವುದಿಲ್ಲವಂತೆ. ಆದರೂ ಇರಲಿ.

ಮೇಡಂ ತಾಯಿ ದಿನವಿಡೀ ಅಲ್ಲೇ ಕೂತಿದ್ದರು. ಎಲ್ಲರೂ ಅಗೋಗೋ ಎನ್ನುತ್ತಾರೆ, ಅಜ್ಜಿ ಎಂದರ್ಥ. ಮರಗೆಣಸಿನ ಹೋಳುಗಳನ್ನು ಚಾಪೆಯ ಮೇಲೆ ಒಣಹಾಕಿಕೊಂಡು, ಒಮ್ಮೆ ನಮ್ಮನ್ನು, ಒಮ್ಮೆ ಪ್ಯಾನೆಲನ್ನು ನೋಡುವುದು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಸುಮ್ಮನಾದರು.

ಮೇ 7, ಸಂಜೆ 6.30

ಹತ್ತಿತು.

ಎಂಟು ಬಲ್ಬು. ಹುಡುಗಿಯರು ಕೂಗಲಿಲ್ಲ, ಕುಣಿಯಲಿಲ್ಲ. ಒಬ್ಬಳು ಕೈ ಎತ್ತಿ ಗೋಡೆಯ ಮೇಲೆ ತನ್ನ ನೆರಳು ನೋಡಿದಳು. ಆಮೇಲೆ ಹದಿನಾಲ್ಕು ಮಂದಿಯೂ ಒಂದೇ ಸಲ ಪುಸ್ತಕ ತೆಗೆದರು. ಹಾಳೆ ಮಗುಚುವ ಸದ್ದು. ನನಗೆ ಅಳು ಬಂತು. ಹೊರಗೆ ಹೋಗಿ ಅತ್ತು ಬಂದೆ. ಮುರಳಿ ಸರ್ ಕೂಡ ಕನ್ನಡಕ ಒರೆಸುತ್ತಿದ್ದರು. ಫೋಟೋ ಆಗಲೇ ಹೆಡ್ ಆಫೀಸಿಗೆ ಹೋಗಿದೆ.

ಮೇ 8

8ಕ್ಕೆ ಆರಿತು. ಎಲ್ಲೋ ಲೂಸ್ ಕನೆಕ್ಷನ್ ಇರಬೇಕು. ನಾಳೆ ನೋಡಬೇಕು.

ಮೇ 9

7.10ಕ್ಕೇ ಆರಿತು. ಕನೆಕ್ಷನ್ ಎಲ್ಲ ಸರಿಯಿದೆ, ಎರಡು ಸಲ ಬಿಚ್ಚಿ ಕಟ್ಟಿದೆ. ಬ್ಯಾಟರಿ ತುಂಬುತ್ತಿಲ್ಲ. ಮೊದಲ ದಿನ ಉರಿದದ್ದು ಅಂಗಡಿಯಿಂದ ಬಂದಾಗ ಇದ್ದ ಚಾರ್ಜು. ಮೋಡವೂ ಇಲ್ಲ, ಬಿಸಿಲು ಚೆನ್ನಾಗಿಯೇ ಇದೆ... ಹುಡುಗಿಯರು ಪುಸ್ತಕ ಮುಚ್ಚಿ ಚಾಪೆ ಹಾಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮೇ 10, ಮಧ್ಯಾಹ್ನ 1

ಬರೆದೇ ಸಮಾಧಾನ ಮಾಡಿಕೊಳ್ಳಬೇಕು.

ಹನ್ನೆರಡಕ್ಕೆ ಪ್ಯಾನೆಲ್‌ಗಳ ಹಿಂದೆ ನಿಂತಿದ್ದೆ. ಬೆನ್ನು ಸುಡುತ್ತಿತ್ತು. ನೆರಳು ನನ್ನ ಮುಂದೆ, ದಕ್ಷಿಣಕ್ಕೆ ಚಾಚಿ ಬಿದ್ದಿತ್ತು. ಪ್ಯಾನೆಲುಗಳ ನೆರಳೂ ಅತ್ತಲೇ. ನಾಲ್ಕೂ ತಮ್ಮ ನೆರಳಿನ ಕಡೆಗೇ ಮುಖ ಮಾಡಿ ನಿಂತಿದ್ದವು. ತಿರುಗಿ ನೋಡಿದರೆ ಸೂರ್ಯ ಉತ್ತರದಲ್ಲಿ, ಜೋಳದ ಹೊಲದ ಮೇಲೆ.

ನಾವು ಭೂಮಧ್ಯರೇಖೆ ದಾಟಿ ಬಂದಿದ್ದೇವೆ. ನಮ್ಮೂರು ರೇಖೆಗೆ ಎಷ್ಟು ಮೇಲೋ ಇದು ಹೆಚ್ಚುಕಡಿಮೆ ಅಷ್ಟೇ ಕೆಳಗೆ. ನಮಗೆ ದಕ್ಷಿಣ ಹೇಗೋ ಇವರಿಗೆ ಉತ್ತರ ಹಾಗೆ. ಏಳನೇ ಕ್ಲಾಸಿನ ಪಾಠ. ಅವತ್ತು ಅಂಗಳದಲ್ಲಿ ಟ್ರಯಲ್ ಮಾಡಿದಾಗ ಸೂರ್ಯ ನೆತ್ತಿಯ ಮೇಲಿದ್ದ, ಎತ್ತ ತಿರುಗಿಸಿದ್ದರೂ ಮೀಟರು ಭರ್ತಿಯೇ ತೋರಿಸುತ್ತಿತ್ತು. ನನ್ನ ಬುದ್ಧಿಗಿಷ್ಟು.

ಅಗೋಗೋ ಎದ್ದು ಬಂದರು. ನನ್ನ ಕೈ ಹಿಡಿದು ಮರಗೆಣಸಿನ ಚಾಪೆಯ ಹತ್ತಿರ ಕರೆದೊಯ್ದರು. ಚಾಪೆಯ ಒಂದು ಅಂಚಿಗೆ ಕಲ್ಲು ಕೊಟ್ಟು ಓರೆ ಮಾಡಿದ್ದಾರೆ. ಉತ್ತರಕ್ಕೆ. ಐದು ದಿನದಿಂದ ನನ್ನ ಕಣ್ಣೆದುರೇ ಇತ್ತು. ಅವರು ಹೇಳಿದ್ದನ್ನು ಎಸ್ನಾತ್ ಮೇಡಂ ಇಂಗ್ಲಿಷಿನಲ್ಲಿ ಹೇಳಿದರು:

"ಸೂರ್ಯನಿಗೆ ಬೆನ್ನು ಮಾಡಿ ಕಟ್ಟುತ್ತಿದ್ದೀರಿ ಎಂದು ಮೊದಲ ದಿನವೇ ಕಂಡಿತು. ಅಷ್ಟು ದೂರದಿಂದ ಬಂದವರಿಗೆ ಹೇಗೆ ಹೇಳುವುದು? ನಿಮ್ಮ ಊರಿನ ಸೂರ್ಯ ಬೇರೆ ಕಡೆ ಇರಬಹುದು ಎಂದುಕೊಂಡೆ."

ನಿಜ ಅಗೋಗೋ. ಬೇರೆ ಕಡೆಯೇ ಇದ್ದಾನೆ. ನಾಚಿಕೆಯಿಂದ ಸಾಯುವ ಹಾಗಿದ್ದರೂ ಮೈ ಜುಮ್ಮೆಂದಿತು. ಒಬ್ಬನೇ ಸೂರ್ಯ, ಇಲ್ಲಿ ಉತ್ತರದಲ್ಲಿ ನಿಂತು, ಬಲದಿಂದ ಎಡಕ್ಕೆ ನಡೆಯುತ್ತಾನೆ. ನಿಂತು ನೋಡಿದೆ, ನೆರಳು ಗಡಿಯಾರದ ಮುಳ್ಳಿಗೆ ಉಲ್ಟಾ ಸರಿಯಿತು.

ಮೇ 10, ಸಂಜೆ

ಮುರಳಿ ಸರ್‌ಗೆ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತರು.

"ರಿಪೋರ್ಟ್ ಹೋಗಾಯ್ತಲ್ಲ ತನುಜ. ಇದೇ ಡ್ರಾಯಿಂಗ್‌ನ ಇನ್ನೂ ಆರು ಸ್ಕೂಲಿಗೆ ಕಳಿಸ್ತೀವಿ ಅಂತ ಮೇಲ್ ಬಂದಿದೆ. ಈಗ ಹಿಂಗಂದ್ರೆ... ಇನ್ನೊಂದು ಬ್ಯಾಟರಿ ತರ್ಸಿ ಇಟ್ಬಿಡೋಣ. ಯಾರಿಗೂ ಗೊತ್ತಾಗಲ್ಲ."

"ಒಲೆ ಸರಿಯಾಗಿ ಉರೀದಿದ್ರೆ ಇನ್ನೊಂದು ಪಾತ್ರೆ ಇಟ್ಟು ಏನ್ ಬಂತು ಸರ್? ತುಂಬೋಕೆ ಬಿಸಿಲು ಬೇಕಲ್ಲ."

"ನಟ್ಟೆಲ್ಲಾ ವೆಲ್ಡ್ ಮಾಡ್ಸಿದ್ದೀಯ. ಹದಿಮೂರಕ್ಕೆ ಫ್ಲೈಟು. ವೆಲ್ಡರ್ ಬರೋದು ಇನ್ನು ಮುಂದಿನ ವಾರ."

"ಗೊತ್ತು ಸರ್. ಡ್ರಾಯಿಂಗ್ ತಪ್ಪು ಅಂತ ನಾನೇ ಮೇಲ್ ಹಾಕ್ತೀನಿ."

ಹಾಕಿದೆ. ಸಿಗ್ನಲ್ ಸಿಗುವ ಗುಡ್ಡ ಹತ್ತಿ. ಕ್ಯಾಂಟೀನಿನವರು ಈಗ ಮನಸಾರೆ ನಗಲಿ. ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಕಂಬ ವಾರೆ ನೆಟ್ಟಿದ್ರೆ ಕಿತ್ತು ನೆಡೋದಮ್ಮ, ಅದಕ್ಯಾಕೆ ಅಳ್ತೀಯ? ನಾನೆಷ್ಟು ಕಿತ್ತಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಸೂರ್ಯ ನಿಜವಾಗ್ಲೂ ಆ ಕಡೆ ಬತ್ತಾನೇನಮ್ಮ?"

"ಹೂಂ ಅಪ್ಪ."

"ಅಬ್ಬಬ್ಬಬ್ಬಾ..."

ಮೇ 11, ಭಾನುವಾರ

ಬೆರಳು ಮಡಚಲು ಆಗುತ್ತಿಲ್ಲ. ಚುಟುಕಾಗಿ.

ಬೆಳಿಗ್ಗೆ ಆರಕ್ಕೇ ಶುರು. ಉಳಿ, ಸುತ್ತಿಗೆ, ಎರಡು ಹ್ಯಾಕ್‌ಸಾ. ನಟ್ಟಿನ ಪಕ್ಕೆ ಕೊಯ್ದು, ಉಳಿ ಇಟ್ಟು ಸೀಳಬೇಕು, ಬೋಲ್ಟಿಗೆ ಪೆಟ್ಟಾಗಬಾರದು. ಮೊದಲನೆಯದಕ್ಕೆ ಐವತ್ತು ನಿಮಿಷ. ಹೀಗಾದರೆ ಕತ್ತಲೆಯೊಳಗೆ ಆಗದು ಎಂದು ಲೆಕ್ಕ ಹಾಕಿ ಕೂತೆ. ಮುರಳಿ ಸರ್ ಬಂದು ಗರಗಸ ಕಿತ್ತುಕೊಂಡರು. ಮೂರನೆಯ ನಟ್ಟಿಗೆ ಅವರ ಅಂಗೈಯಲ್ಲಿ ಬೊಬ್ಬೆ.

ಹತ್ತಕ್ಕೆ ಚರ್ಚ್ ಬಿಟ್ಟಿತು. ಎಸ್ನಾತ್ ಮೇಡಂ ಅಲ್ಲಿ ಎದ್ದು ನಿಂತು ವಿಷಯ ಹೇಳಿದರಂತೆ. ಮೂವತ್ತು ನಲವತ್ತು ಹೆಂಗಸರು ಭಾನುವಾರದ ಒಳ್ಳೆಯ ಬಟ್ಟೆಯಲ್ಲೇ ಬಂದರು. ನಾನು ಕ್ಷಮೆ ಕೇಳಲು ನಿಂತೆ. ಯಾರಿಗೂ ಅದು ಬೇಕಿರಲಿಲ್ಲ. ಗರಗಸ ಎಲ್ಲಿ ಎಂದರು! ಕೈ ಬದಲಿಸಿ ಬದಲಿಸಿ ಕೊಯ್ದರು, ಹಾಡು ಹೇಳಿಕೊಂಡು, ಹಾಡಿನ ತಾಳಕ್ಕೆ ಗರಗಸ. ಹದಿನಾರನೆಯ ನಟ್ಟು ಮೂರೂ ಮುಕ್ಕಾಲಿಗೆ ಸೀಳಿತು.

ಒಂದೊಂದು ಸ್ಟ್ಯಾಂಡಿಗೆ ಹನ್ನೆರಡು ಮಂದಿ. ಪ್ಯಾನೆಲ್ ಸಮೇತ ಎತ್ತಿ, ಅರ್ಧ ಸುತ್ತು ತಿರುಗಿಸಿ, ಅದೇ ಬೋಲ್ಟುಗಳ ಮೇಲೆ ಇಳಿಸಿದರು. ಪಲ್ಲಕ್ಕಿ ಹೊತ್ತವರಿಗೂ ಅಷ್ಟು ನಾಜೂಕು ಬಾರದು. ಹೆಚ್ಚುವರಿ ತಂದಿದ್ದ ಹೊಸ ನಟ್ಟು ಸ್ಪ್ಯಾನರಿನಲ್ಲೇ ಬಿಗಿದೆ. ವೆಲ್ಡಿಂಗ್ ಇಲ್ಲ. ನನ್ನ ಕೆಂಪು ಬಾಣಗಳ ಮೇಲೆ ಅಗೋಗೋ ಕೆಮ್ಮಣ್ಣು ಕಲಸಿ ಬಳಿದರು.

ಇವತ್ತು ದೀಪ ಹಚ್ಚುವುದು ಬೇಡ ಎಂದೆ. ನಾಳೆ ಪೂರ್ತಿ ಬಿಸಿಲು ಕುಡಿಯಲಿ. ಮೋಡ ಬಾರದಿದ್ದರೆ ಸಾಕು. ಮನುಷ್ಯರು ಇಷ್ಟು ಒಳ್ಳೆಯವರಿರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೇ 12, ಸಂಜೆ

ಹುಡುಗಿಯರ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಹೊರಡಬೇಕು. ಇವತ್ತು ಆರಿದರೆ ಆರಿದ ಹಾಗೆಯೇ ಬಿಟ್ಟು ಹೋಗಬೇಕು.

6.00. ಹಚ್ಚಿದರು.

7.10. ಎಲ್ಲರೂ ತಲೆ ಎತ್ತಿ ಬಲ್ಬು ನೋಡಿದರು. ನಾನೂ. ಉರಿಯುತ್ತಿದೆ.

7.25. ಮುರಳಿ ಸರ್ ಬಾಗಿಲಲ್ಲಿ. ಬೊಬ್ಬೆ ಕೈಗೆ ಬಟ್ಟೆ ಸುತ್ತಿಕೊಂಡು. ಒಳಗೆ ಬರಲು ಧೈರ್ಯವಿಲ್ಲ.

8.00. ಉರಿಯುತ್ತಿದೆ. ಒಂದು ಸಲ ಮಿನುಗಿದ ಹಾಗಾಯಿತು. ಇಲ್ಲ, ಹುಳ ಅಡ್ಡ ಬಂತು.

8.20. ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೇನೆ. ನನ್ನ ಡಿಪ್ಲೊಮಾ ಪರೀಕ್ಷೆಗೂ ಹೀಗಾಗಿರಲಿಲ್ಲ.

8.30. ಉರಿಯುತ್ತಿದೆ.

8.41. ಯಾರೂ ಪುಸ್ತಕ ಮುಚ್ಚಿಲ್ಲ. ಎಸ್ನಾತ್ ಮೇಡಂ ಸ್ವಿಚ್ಚಿನ ತನಕ ಹೋಗಿ, ಹಾಗೇ ವಾಪಸ್ ಬಂದು ಕೂತರು. ನನ್ನ ಕಡೆ ನೋಡುತ್ತಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಮುಂದಿನ ಸಾಲಿನ ತಮಂಡಾ ಎದ್ದು ಬಂದಳು. ಪೆನ್ನಿನ ಇಂಕು ಮುಗಿಯಿತಂತೆ, ಪ್ರಬಂಧ ಅರ್ಧಕ್ಕೆ ನಿಂತಿದೆಯಂತೆ. ನನ್ನ ಹತ್ತಿರ ಇರುವುದು ನಾನು ಬರೆಯುತ್ತಿರುವ ಈ ಪೆನ್ನೊಂದೇ. ಈ ಸಾಲು ಮುಗಿಸಿ ಕೊಡುತ್ತೇನೆ ಎಂದೆ. ಅವಳಿಗೆ ತಡೆಯಲಾಗುತ್ತಿಲ್ಲ, ಪೆನ್ನಿಗೆ ಕೈ ಹಾಕಿಕೊಂಡೇ ನಿಂ—