ಅಪ್ಪನ ಪೆಟ್ಟಿಗೆಯ ಕೆಂಪು ದೀಪ

ಉಜ್ವಲ್,

ನಿಟ್ಟೆಯ ಬಸ್ಸಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಮೊನ್ನೆ ಕರೆಂಟ್ ಹೋಗಿ ಬಂದಾಗಿನಿಂದ ಅಪ್ಪನ ಸರ್ವರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆ. ಇವತ್ತು ನೀನೇ ರಿಸೆಟ್ ಮಾಡು.

ಹಿಂಬದಿಯಲ್ಲಿ ಸಣ್ಣ ತೂತು ಉಂಟು. ಆಯುಧ ಪೂಜೆಗೆ ಅಮ್ಮ ಹಚ್ಚಿದ ಕುಂಕುಮ ಅದರೊಳಗೆ ಗಟ್ಟಿಯಾಗಿದೆ, ಮೊದಲು ಕೆರೆದು ತೆಗೆ. ಆಮೇಲೆ ಸೇಫ್ಟಿ ಪಿನ್ ತೂರಿಸಿ ಒತ್ತಿ ಹಿಡಿ. ಒಂದು ಬೀಪ್ ಕೇಳಿದ ಕೂಡಲೇ ಬಿಡು. ಎರಡನೆಯದಕ್ಕೆ ಕಾದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ದಯವಿಟ್ಟು ಫೋನ್ ಕೆಳಗಿಟ್ಟು ಮಾಡು.

ರಿಸೆಟ್ ಆದ ಮೇಲೆ ಲಾಗಿನ್ ಆಗುತ್ತದೆ, ಆದರೆ ತುಳು ಪಾಡ್ದನದ ಹಾಡುಗಳ ಫೋಲ್ಡರ್ ತೆರೆಯುವುದಿಲ್ಲ. ಇನ್ನಂಜೆಯ ಅಪ್ಪಿ ಮತ್ತು ಉಳಿದ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿದ್ದನ್ನೆಲ್ಲ ಅಪ್ಪ ರೆಕಾರ್ಡ್ ಮಾಡಿ ಇಟ್ಟದ್ದು ಅದರಲ್ಲೇ. ಅದಕ್ಕೆ ಬೇರೆಯೇ ಪಾಸ್‌ವರ್ಡ್. ಗೊತ್ತಿದ್ದದ್ದು ಅಪ್ಪನಿಗೆ ಮಾತ್ರ, ಈಗ ಅವರಿಗೂ ನೆನಪಿಲ್ಲ. ನನಗೆ ತೋಚಿದ್ದನ್ನೆಲ್ಲ ಹಾಕಿ ನೋಡಿಯಾಯಿತು. ನೀನು ಪುನಃ ಅವರನ್ನು ಕೇಳಿ ಪೀಡಿಸಬೇಡ.

ಸಂಜೆ ಅವರೇ ಬಂದು ಕೇಳುತ್ತಾರೆ, "ಅಪ್ಪಿಯ ಹಾಡು ಉಂಟಲ್ವಾ ಇದರಲ್ಲಿ?" ಉಂಟು ಅನ್ನು. ಅದು ಸುಳ್ಳೇನಲ್ಲ. ಇನ್ನು ಸಿಗುವುದಿಲ್ಲ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಅವರು ಅದನ್ನು ಆಗಷ್ಟೇ ಕೇಳಿದವರ ಹಾಗೆ ಅತ್ತರು.

ಕೆಂಪು ದೀಪ ಕಂಡರೆ ಅಪ್ಪ ಪೆಟ್ಟಿಗೆಯ ಮುಂದಿನಿಂದ ಏಳುವುದಿಲ್ಲ. ನೀಲಿ ಬಂದರೆ, ಎಲ್ಲ ಸರಿ ಉಂಟು ಎಂದು ಒಳಗೆ ಹೋಗಿ ಊಟ ಮಾಡುತ್ತಾರೆ. ರಿಸೆಟ್ ಮಾಡುವುದು ಅಷ್ಟಕ್ಕೇ.

ಅಕ್ಕ